ಆಲ್-ಕಾನ್ಫರೆನ್ಸ್
ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಪಂದ್ಯಾವಳಿ ನಡೆಸಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟ. ‘ಒಟ್ಟಿಗೆ ತರು’ ಎಂಬರ್ಥದ ಲ್ಯಾಟಿನ್ ಮೂಲದ ಪದ ಇದು. 1896ರಲ್ಲಿ ಹುಟ್ಟಿದ ಅಂಥ ಒಂದು ಕೂಟ ಬಿಗ್ ಟೆನ್. ಹೆಸರಿನಲ್ಲಿ ಹತ್ತು ಉಳಿದಿದೆ, 2024ರಿಂದ ಸದಸ್ಯರು 18.

ಋತು ಮುಗಿದಾಗ ಕೂಟದ ಎಲ್ಲ ತಂಡಗಳೊಳಗಿಂದ ಆಯ್ದ ಶ್ರೇಷ್ಠ ಆಟಗಾರರಿಗೆ ಸಲ್ಲುವ ಗೌರವವೇ ಆಲ್-ಕಾನ್ಫರೆನ್ಸ್. ‘ಆಲ್’ಗೆ ಈ ಅರ್ಥ ಹಳೆಯದು: ಫುಟ್‌ಬಾಲಿನ ಮೊದಲ ಆಲ್-ಅಮೆರಿಕ ತಂಡ ಪ್ರಕಟವಾದದ್ದು 1889ರಲ್ಲಿ. ಮೊದಲ ತಂಡ, ಎರಡನೇ ತಂಡ, ಗೌರವ ಉಲ್ಲೇಖ ಎಂಬ ದರ್ಜೆಗಳುಂಟು. ಈ ತಂಡ ಮೈದಾನಕ್ಕಿಳಿಯುವುದಿಲ್ಲ, ಕಾಗದದ ಮೇಲಷ್ಟೇ ಇರುತ್ತದೆ. ಆದರೂ ಬೆಲೆ ದೊಡ್ಡದು, ಏಕೆಂದರೆ ಅನೇಕ ಕೂಟಗಳಲ್ಲಿ ಮತ ಹಾಕುವವರು ಎದುರಾಳಿ ತಂಡಗಳ ಕೋಚ್‌ಗಳೇ. ಬಳಕೆಯಲ್ಲಿ ಕೂಟದ ಹೆಸರೇ ಸೇರಿಕೊಳ್ಳುತ್ತದೆ: ಐಯೊವಾದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ನಾಲ್ಕು ವರ್ಷವೂ ಆಲ್-ಬಿಗ್ ಟೆನ್ ಮೊದಲ ತಂಡದಲ್ಲಿದ್ದರು.