ಆಟಿಕೆ ಹೊತ್ತ ಭಾರ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗ ನಮ್ಮ ಮನೆಯ ಊಟದ ಮೇಜನ್ನು ಹದಿನೈದು ದಿನಗಳ ಕಾಲ ಆಕ್ರಮಿಸಿಕೊಂಡಿದ್ದ. ನಮ್ಮ ಬೂರುಗದ ಬಳಗಕ್ಕೆ ಸೇರಿದ, ಅತಿ ಹಗುರವಾದ ಬಾಲ್ಸಾ ಮರದ ಹಾಳೆಗಳನ್ನು ಕತ್ತರಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಅಂಟಿಸಿ, ಮೇಲೆ ತೆಳುವಾದ ಹೊದಿಕೆಯನ್ನು ಬಿಗಿದು ಅವನು ಒಂದು ವಿಮಾನವನ್ನು ಕಟ್ಟಿದ. ಮೂತಿಯಲ್ಲಿ ಮೋಟಾರು, ಅದರ ಹಿಂದೆ ಬ್ಯಾಟರಿ, ಹೊಟ್ಟೆಯಲ್ಲಿ ರೇಡಿಯೋ ಅಲೆಗಳನ್ನು ಹಿಡಿಯುವ ರಿಸೀವರ್, ಬಾಲದ ಪಟ್ಟಿಗಳನ್ನು ಆಡಿಸಲು ಸರ್ವೋ ಎಂಬ ಪುಟ್ಟ ಯಂತ್ರಗಳು. “ತಾತ, ಅಂಟು ಒಣಗೋವರೆಗೂ ಇದನ್ನ ಸ್ವಲ್ಪ ಹಿಡ್ಕೊಂಡಿರು” ಎಂದು ಅವನು ರೆಕ್ಕೆಯನ್ನು ನನ್ನ ಕೈಗೆ ಕೊಟ್ಟಾಗ ನನಗೆ ಹಳೆಯದೊಂದು ನೆನಪು ಚುಚ್ಚಿತು. ಇವನ ತಂದೆ, ಎಂದರೆ ನನ್ನ ಮಗ, ಇದೇ ವಯಸ್ಸಿನಲ್ಲಿ ಇಂಥದೇ ಒಂದನ್ನು ಕಟ್ಟಲು ಹೊರಟಿದ್ದ. “ಪರೀಕ್ಷೆಯ ಹೊತ್ತಿನಲ್ಲಿ ಆಟಿಕೆಯೆ?” ಎಂದು ಗದರಿಸಿ ನಾನು ಅದನ್ನು ಅಟ್ಟಕ್ಕೆ ಹಾಕಿಸಿದ್ದೆ.

ಆಟಿಕೆ ಎಂಬ ಆ ಮಾತು ಎಷ್ಟು ಅವಿಚಾರದ್ದೆಂಬುದು ಈ ಸಣ್ಣ ವಸ್ತುವಿನ ಚರಿತ್ರೆಯನ್ನು ಓದಿದ ಮೇಲೆ ನನಗೆ ತಿಳಿಯಿತು. ಅದನ್ನೇ ಇಂದು ತಮ್ಮ ಮುಂದಿಡಬಯಸುತ್ತೇನೆ.

ವಿದ್ಯುಚ್ಛಕ್ತಿ ಆಕಾಶವೇರಿದ್ದು ಇತ್ತೀಚೆಗಲ್ಲ. 1884ರ ಆಗಸ್ಟ್ 9ರಂದು ಫ್ರಾನ್ಸಿನಲ್ಲಿ ರೆನಾರ್ ಮತ್ತು ಕ್ರೆಬ್ಸ್ ಎಂಬ ಇಬ್ಬರು ಸೇನಾಧಿಕಾರಿಗಳು ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯಲ್ಲಿ ಸುಮಾರು 8 ಕಿಲೋಮೀಟರು ಸುತ್ತಿ, 23 ನಿಮಿಷಗಳಲ್ಲಿ ಹೊರಟ ಜಾಗಕ್ಕೇ ಮರಳಿದರು. ಅದನ್ನು ನಡೆಸಿದ್ದು ವಿದ್ಯುತ್ ಮೋಟಾರು. ಆದರೆ ನೌಕೆಯನ್ನು ಮೇಲೆತ್ತಿ ಹಿಡಿದದ್ದು ಹೈಡ್ರೊಜನ್ ಅನಿಲ; ಬ್ಯಾಟರಿಯ ನೂರಾರು ಕಿಲೋ ಭಾರವನ್ನು ಅದು ಸಹಿಸಿಕೊಂಡಿತು. ರೆಕ್ಕೆಯ ವಿಮಾನಕ್ಕೆ ಆ ಔದಾರ್ಯವಿಲ್ಲ. ಗಾಳಿಯನ್ನು ಸೀಳಿ ಓಡುತ್ತಿದ್ದರೆ ಮಾತ್ರ ಅದು ಮೇಲೆ ನಿಲ್ಲಬಲ್ಲದು. ಶಕ್ತಿ ಬೇಕೆಂದರೆ ಹೆಚ್ಚು ಬ್ಯಾಟರಿ, ಹೆಚ್ಚಿದ ಭಾರವನ್ನು ಹೊರಲು ಮತ್ತಷ್ಟು ಶಕ್ತಿ. ಸಾಲ ತೀರಿಸಲು ಸಾಲ ಮಾಡಿದವನ ಪಾಡು! ಅಷ್ಟೇ ತೂಕದ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಬ್ಯಾಟರಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೀಗಾಗಿ ವಿಮಾನಲೋಕವು ಪೆಟ್ರೋಲನ್ನೇ ನಂಬಿತು.

ದೂರದಿಂದ ರೇಡಿಯೋ ಮೂಲಕ ಆಳುವ ವಿದ್ಯೆ ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ಹಾಗೆ ನಡೆಸಿ ನೋಡುಗರನ್ನು ಬೆರಗುಗೊಳಿಸಿದ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ತಮ್ಮ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದಲೇ ಹಾರಿಸಿದರು. ಆದರೆ ಅದರದೂ ಪೆಟ್ರೋಲ್ ಎಂಜಿನ್ನೇ.

ಈ ಎರಡು ದಾರಿಗಳು ಕೂಡಿದ್ದು ಇಂಗ್ಲೆಂಡಿನಲ್ಲಿ. 1957ರ ಜೂನ್ 30ರಂದು ಕರ್ನಲ್ ಟ್ಯಾಪ್ಲಿನ್ ಎಂಬವರು ‘ರೇಡಿಯೋ ಕ್ವೀನ್’ ಎಂಬ ಮಾದರಿಗೆ ವಿದ್ಯುತ್ ಮೋಟಾರು ಮತ್ತು ಬೆಳ್ಳಿ-ಸತುವಿನ ಬ್ಯಾಟರಿಗಳನ್ನು ಜೋಡಿಸಿ ಹಾರಿಸಿದರು. ರೇಡಿಯೋ ನಿಯಂತ್ರಣದ ವಿದ್ಯುತ್ ವಿಮಾನಗಳಲ್ಲಿ ಅಧಿಕೃತವಾಗಿ ದಾಖಲಾದ ಮೊದಲ ಹಾರಾಟವೆಂದು ಹೇಳುವುದು ಇದನ್ನೇ. ಟ್ಯಾಪ್ಲಿನ್ ಆ ಪ್ರಯೋಗವನ್ನು ಮುಂದುವರಿಸಲಿಲ್ಲ. ಎಳೆಯನ್ನು ಕೈಗೆತ್ತಿಕೊಂಡವರು ಜರ್ಮನಿಯ ಫ್ರೆಡ್ ಮಿಲಿಟ್ಕಿ. ಅವರು ಮೊದಲು ನಿಯಂತ್ರಣವಿಲ್ಲದೆ ತಾನಾಗಿ ತೇಲುವ ಮಾದರಿಗಳನ್ನು ಮಾಡಿ, ಸಣ್ಣ ಮೋಟಾರಿನಿಂದ ಎಷ್ಟು ಕೆಲಸ ಹಿಂಡಬಹುದೆಂಬುದನ್ನು ವರ್ಷಗಟ್ಟಲೆ ತಾಳ್ಮೆಯಿಂದ ಪರೀಕ್ಷಿಸಿದರು. ಆ ತಾಳ್ಮೆಯ ಫಲವನ್ನು ಕೇಳಿರಿ: 1973ರ ಅಕ್ಟೋಬರ್ 21ರಂದು ಆಸ್ಟ್ರಿಯದಲ್ಲಿ ಹೈನೊ ಬ್ರಿಡಿಚ್ಕಾ ಎಂಬವರು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಬಲದಿಂದ ವಿಮಾನವೊಂದರಲ್ಲಿ ತಾವೇ ಕುಳಿತು ಕೆಲವು ನಿಮಿಷ ಹಾರಿದರು. ವಿದ್ಯುತ್ ವಿಮಾನದಲ್ಲಿ ಮನುಷ್ಯ ಹಾರಿದ್ದು ಅದೇ ಮೊದಲು. ಆ ಯೋಜನೆಯ ಹಿಂದಿದ್ದವರು ಮಾದರಿಗಳ ಮಿಲಿಟ್ಕಿಯವರೇ. ಮಕ್ಕಳ ಆಟಿಕೆಯೆಂದು ತೋರಿದ್ದು ದೊಡ್ಡವರನ್ನೂ ಹೊತ್ತಿತು.

ಮುಂದೆ 1980ರ ದಶಕದಲ್ಲಿ ನಿಯೊಡಿಮಿಯಂ ಅಯಸ್ಕಾಂತಗಳು ಬಂದು ಮೋಟಾರು ಕುಗ್ಗಿತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ, ಕ್ಯಾಮೆರಾಗಳಿಗೂ ಜೇಬಿನ ಫೋನುಗಳಿಗೂ ಬೆಳೆಯುತ್ತಲೇ ಈ ಪುಟ್ಟ ರೆಕ್ಕೆಗಳ ಹಳೆಯ ಸಾಲವನ್ನು ಬಹುಮಟ್ಟಿಗೆ ತೀರಿಸಿತು.

ವಿಮಾನ ಸಿದ್ಧವಾದ ದಿನ ಮೊಮ್ಮಗ ಅದರ ರೆಕ್ಕೆಗಳ ಅಡಿಗೆ, ಮುಂಚೂಣಿಯಿಂದ ಸುಮಾರು ಮೂರನೆಯ ಒಂದು ಪಾಲು ಹಿಂದಕ್ಕೆ, ಎರಡು ಬೆರಳುಗಳನ್ನಿಟ್ಟು ಎತ್ತಿ ನೋಡಿದ. ಬಾಲ ಕೆಳಕ್ಕೆ ತೂಗಿತು. ಅವನು ಬ್ಯಾಟರಿಯನ್ನು ಒಂದು ಬೆರಳಿನಷ್ಟು ಮುಂದಕ್ಕೆ ಸರಿಸಿದ. ವಿಮಾನ ನೆಟ್ಟಗೆ ನಿಂತಿತು. ಬಹುಕಾಲದಿಂದ ಹೊರೆಯೆಂದು ಬೈಸಿಕೊಂಡ ವಸ್ತುವೇ ಸಮತೋಲವನ್ನೂ ಕೊಟ್ಟಿತು.

ಸಂಜೆ ಊರಾಚೆಯ ಬಯಲಿನಲ್ಲಿ ಅದು ಮೂರು ಸುತ್ತು ಹಾರಿ, ಹುಲ್ಲಿನ ಮೇಲೆ ಮುಗ್ಗರಿಸಿ ಇಳಿಯಿತು. ಮನೆಗೆ ಬಂದವನೇ ನಾನು ಅಟ್ಟವನ್ನು ಹುಡುಕಿಸಿದೆ. ಗೆದ್ದಲು ಉಳಿಸಿದ ನಾಲ್ಕು ಪಕ್ಕೆಲುಬುಗಳು ಸಿಕ್ಕವು. ಅವನ್ನು ಮಗನಿಗೆಂದು ಒರೆಸಿ ಎತ್ತಿಟ್ಟಿದ್ದೇನೆ.