ಮಾಲಸ್‌ನ ನಿಯಮ

ಮಾಲಸ್‌ನ ನಿಯಮವು ಧ್ರುವೀಕೃತ ಬೆಳಕು ಒಂದು ಧ್ರುವೀಕಾರಕದ ಮೂಲಕ ಹಾದಾಗ ಅದರ ತೀವ್ರತೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ತಿಳಿಸುವ ದ್ಯುತಿಶಾಸ್ತ್ರದ ನಿಯಮ. ಫ್ರಾನ್ಸಿನ ಎಟಿಯೆನ್ ಲೂಯಿ ಮಾಲಸ್ (೧೭೭೫–೧೮೧೨) ಇದನ್ನು ೧೮೦೯ರಲ್ಲಿ ಪ್ರಕಟಿಸಿದನು.

ನಿರೂಪಣೆ

ಹೊರಬರುವ ತೀವ್ರತೆ = ಒಳಬರುವ ತೀವ್ರತೆ × (ಕೊಸೈನ್ ಕೋನ)²

ಇಲ್ಲಿ ‘ಕೋನ’ವೆಂದರೆ ಒಳಬರುವ ಬೆಳಕಿನ ಕಂಪನದ ದಿಕ್ಕಿಗೂ ಧ್ರುವೀಕಾರಕದ ಅಕ್ಷಕ್ಕೂ ನಡುವಿನ ಕೋನ. ಬೆಳಕಿನ ವಿದ್ಯುತ್ ಕ್ಷೇತ್ರದಲ್ಲಿ ಅಕ್ಷಕ್ಕೆ ಸಮಾಂತರವಾದ ಘಟಕ ಮಾತ್ರ ಹೊರಬರುತ್ತದೆ. ಅದರ ಕಂಪನ ವಿಸ್ತಾರವು ಕೋನದ ಕೊಸೈನ್‌ಗೆ ಅನುಪಾತದಲ್ಲಿರುತ್ತದೆ. ತೀವ್ರತೆಯು ಕಂಪನ ವಿಸ್ತಾರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸೂತ್ರದಲ್ಲಿ ಕೊಸೈನ್‌ನ ವರ್ಗ ಬರುತ್ತದೆ.

ಸೂರ್ಯ ಅಥವಾ ವಿದ್ಯುತ್ ಬಲ್ಬಿನ ಬೆಳಕು ಅಧ್ರುವೀಕೃತವಾದುದು. ಅದರಲ್ಲಿ ಎಲ್ಲ ದಿಕ್ಕಿನ ಕಂಪನಗಳೂ ಸಮನಾಗಿರುವುದರಿಂದ, ಮೊದಲ ಧ್ರುವೀಕಾರಕವನ್ನು ಹೇಗೆ ತಿರುಗಿಸಿದರೂ ಸರಿಯಾಗಿ ಅರ್ಧದಷ್ಟು ತೀವ್ರತೆ ಹೊರಬರುತ್ತದೆ. ಇದು ಆದರ್ಶ ಧ್ರುವೀಕಾರಕದ ಲೆಕ್ಕ. ನೈಜ ಪೋಲರಾಯ್ಡ್ ಹಾಳೆಯು ಸ್ವಲ್ಪ ಬೆಳಕನ್ನು ಹೀರಿಕೊಳ್ಳುವುದರಿಂದ ಅರ್ಧಕ್ಕಿಂತ ಕಡಿಮೆ ಬೆಳಕು ಬರುತ್ತದೆ.

ಲೆಕ್ಕಗಳಲ್ಲಿ ಬಳಕೆ

ಪ್ರತಿ ಹಂತದಲ್ಲಿಯೂ ಕೋನವನ್ನು ಹಿಂದಿನ ಧ್ರುವೀಕಾರಕದ ಅಕ್ಷದಿಂದ ಅಳೆಯಬೇಕು, ಮೊದಲನೆಯದರಿಂದ ಅಲ್ಲ. ಏಕೆಂದರೆ ಧ್ರುವೀಕಾರಕವು ಬೆಳಕನ್ನು ಕಡಿಮೆ ಮಾಡುವುದಷ್ಟೇ ಅಲ್ಲದೆ, ಅದರ ಕಂಪನದ ದಿಕ್ಕನ್ನು ತನ್ನ ಅಕ್ಷಕ್ಕೆ ಹೊಂದಿಸುತ್ತದೆ.

ಉದಾಹರಣೆಗೆ, ೧೦೦ ಮಾನದ ಅಧ್ರುವೀಕೃತ ಬೆಳಕು ೦°, ೩೦° ಮತ್ತು ೯೦°ಗಳಲ್ಲಿ ಇರಿಸಿದ ಮೂರು ಧ್ರುವೀಕಾರಕಗಳ ಮೂಲಕ ಹಾಯುತ್ತದೆ ಎಂದಿಟ್ಟುಕೊಳ್ಳೋಣ.

- ಮೊದಲನೆಯದರಿಂದ: ೧೦೦ × ೧/೨ = ೫೦
- ಎರಡನೆಯದರಿಂದ (ಕೋನ ೩೦°): ೫೦ × ೩/೪ = ೩೭.೫
- ಮೂರನೆಯದರಿಂದ (ಕೋನ ೯೦° − ೩೦° = ೬೦°): ೩೭.೫ × ೧/೪ = ೯.೩೭೫

ಮೂರನೆಯ ಹಂತದಲ್ಲಿ ಕೋನವನ್ನು ೯೦° ಎಂದು ತೆಗೆದುಕೊಂಡರೆ ಉತ್ತರ ಸೊನ್ನೆ ಎಂದು ತಪ್ಪಾಗಿ ಬರುತ್ತದೆ.

ನಡುವಣ ಧ್ರುವೀಕಾರಕ

ಪರಸ್ಪರ ಲಂಬವಾಗಿರುವ ಎರಡು ಧ್ರುವೀಕಾರಕಗಳ ಮೂಲಕ ಬೆಳಕು ಹಾಯುವುದಿಲ್ಲ. ಅವುಗಳ ನಡುವೆ ಮತ್ತೊಂದನ್ನು ಓರೆಯಾಗಿ ಇಟ್ಟರೆ ಬೆಳಕು ಮತ್ತೆ ಕಾಣಿಸುತ್ತದೆ. ಓರೆ ೪೫° ಇದ್ದಾಗ ಅದು ಗರಿಷ್ಠವಾಗಿದ್ದು, ಮೂಲ ಅಧ್ರುವೀಕೃತ ಬೆಳಕಿನ ಎಂಟನೆಯ ಒಂದು ಭಾಗದಷ್ಟಿರುತ್ತದೆ. ಧ್ರುವೀಕೃತ ಬೆಳಕನ್ನು ತಲಾ ೧೦°ಯಂತೆ ಒಂಬತ್ತು ಹಂತಗಳಲ್ಲಿ ೯೦° ತಿರುಗಿಸಿದರೆ ಅದರ ಸುಮಾರು ೭೬% ಉಳಿಯುತ್ತದೆ.

ಇತಿಹಾಸ

೧೮೦೮ರಲ್ಲಿ ಮಾಲಸ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಪ್ರತಿಫಲಿಸಿದ ಸಂಜೆಯ ಬಿಸಿಲನ್ನು ಐಸ್‌ಲ್ಯಾಂಡ್ ಸ್ಪಾರ್ ಸ್ಫಟಿಕದ ಮೂಲಕ ನೋಡಿ, ಪ್ರತಿಫಲನದಿಂದಲೂ ಧ್ರುವೀಕರಣ ಉಂಟಾಗುವುದೆಂದು ಕಂಡುಕೊಂಡನು. ಬೆಳಕು ಕಣಗಳಿಂದಾದುದೆಂದು ಅವನು ನಂಬಿದ್ದನು. ಅಡ್ಡ ಅಲೆಗಳ ಆಧಾರದ ವಿವರಣೆಯನ್ನು ಅನಂತರ ಫ್ರೆನೆಲ್ ನೀಡಿದನು.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ (೧೯೩೪–೧೯೬೯) ಧ್ರುವೀಕೃತ ಕಿರಣಗಳ ವ್ಯತಿಕರಣವನ್ನು ಅಭ್ಯಸಿಸಿದರು. ಬೆಳಕಿನ ಧ್ರುವೀಕರಣ ಸ್ಥಿತಿಗಳನ್ನು ಪ್ವಾಂಕರೆ ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಎರಡು ಅಕ್ಷಗಳ ನಡುವಿನ ಕೋನವು ಗೋಳದ ಮೇಲೆ ಇಮ್ಮಡಿಯಾಗುವುದರಿಂದ, ಹಾಯುವ ತೀವ್ರತೆಯು ಎರಡು ಬಿಂದುಗಳ ಕೋನಾಂತರದ ಅರ್ಧದ ಕೊಸೈನ್ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹೀಗೆ ಮಾಲಸ್‌ನ ನಿಯಮವು ದೀರ್ಘವೃತ್ತೀಯ ಧ್ರುವೀಕರಣಕ್ಕೂ ಅನ್ವಯಿಸುತ್ತದೆ. ಈ ಗೋಳದ ಮೇಲೆ ಬೆಳಕಿನ ಸ್ಥಿತಿ ಒಂದು ಸುತ್ತು ಬಂದು ಮೊದಲಿನಂತಾದರೂ ಅದರ ಪ್ರಾವಸ್ಥೆಯಲ್ಲಿ ವ್ಯತ್ಯಾಸ ಉಳಿಯುವುದೆಂದು ಪಂಚರತ್ನಂ ೧೯೫೬ರಲ್ಲಿ ತೋರಿಸಿದರು. ಇದಕ್ಕೆ ‘ಪಂಚರತ್ನಂ ಪ್ರಾವಸ್ಥೆ’ ಎಂಬ ಹೆಸರಿದೆ.