ಡಿಸ್ಕ್ ತೊಂದರೆಗೆ ಸೂಜಿ ಚಿಕಿತ್ಸೆ: ಇತಿಹಾಸ

ಬೆನ್ನುಮೂಳೆಯ ಎರಡು ಕಶೇರುಕಗಳ ನಡುವೆ ಮೆತ್ತೆಯಂತೆ ಕೂತಿರುವ ಡಿಸ್ಕ್‌ಗೆ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ತಿರುಳು. ಉಂಗುರ ಸೀಳಿ ತಿರುಳು ಹೊರಚಾಚಿ ನರದ ಬೇರನ್ನು ಒತ್ತಿದಾಗ ಸೊಂಟದಿಂದ ಕಾಲಿನವರೆಗೆ ನೋವು ಇಳಿಯುತ್ತದೆ. ಇದಕ್ಕೆ ‘ಡಿಸ್ಕ್ ಜಾರಿದೆ’ ಎನ್ನುವುದು ರೂಢಿ. ಆದರೆ ಇಡೀ ಡಿಸ್ಕ್ ತನ್ನ ಜಾಗದಿಂದ ಕದಲಿರುವುದಿಲ್ಲ. ಬೆನ್ನನ್ನು ಕೊಯ್ಯದೆ, ಎಕ್ಸ್‌-ರೇ ಪರದೆಯಲ್ಲಿ ದಾರಿ ನೋಡಿಕೊಂಡು ಸೂಜಿಯನ್ನು ಡಿಸ್ಕ್‌ನೊಳಕ್ಕೆ ಒಯ್ದು ತಿರುಳನ್ನು ಕುಗ್ಗಿಸುವ ಚಿಕಿತ್ಸೆಗಳು 1960ರ ದಶಕದಲ್ಲಿ ಆರಂಭವಾದವು.

ಈ ಕಾಲುನೋವಿಗೆ ಡಿಸ್ಕ್ ಕಾರಣವೆಂಬ ತಿಳಿವಳಿಕೆ ವೈದ್ಯಲೋಕದಲ್ಲಿ ಬೇರೂರಿದ್ದು ಬಾಸ್ಟನ್‌ನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ 1934ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಅವರ ಪರಿಹಾರ, ಬೆನ್ನುಮೂಳೆಯ ಹಿಂಬದಿಯ ಕಮಾನನ್ನು ತೆಗೆದು ಚಾಚಿದ ಭಾಗವನ್ನು ಹೊರತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ. ಸೂಜಿಗೆ ದಾರಿಯಾದದ್ದು ರೋಗಪತ್ತೆಯ ಪ್ರಯತ್ನದಲ್ಲಿ: 1948ರಲ್ಲಿ ಸ್ವೀಡನ್ನಿನ ಕ್ನೂಟ್ ಲಿಂಡ್‌ಬ್ಲೊಮ್, ಎಕ್ಸ್‌-ರೇಯಲ್ಲಿ ಕಾಣಿಸುವ ದ್ರವವನ್ನು ಡಿಸ್ಕ್‌ನೊಳಗೆ ಬಿಟ್ಟು ಚಿತ್ರ ತೆಗೆಯುವ ಕ್ರಮವನ್ನು ವಿವರಿಸಿದರು.

ಮೊದಲ ಔಷಧ ಬಂದದ್ದು ಪರಂಗಿಕಾಯಿಯ ಹಾಲಿನಿಂದ. ಮಾಂಸ ಮೆತ್ತಗೆ ಬೇಯಲೆಂದು ಪರಂಗಿಕಾಯಿ ಹಾಕುವ ಅಡುಗೆಮನೆಯ ಉಪಾಯದ ಹಿಂದೆ ಕೆಲಸ ಮಾಡುವುದು ಅದರ ಹಾಲಿನ ಕಿಣ್ವಗಳೇ. ಅವುಗಳಲ್ಲೊಂದಾದ ಕೈಮೋಪಪೈನನ್ನು 1941ರಲ್ಲಿ ಯಾನ್ಸೆನ್ ಮತ್ತು ಬಾಲ್ಸ್ ಬೇರ್ಪಡಿಸಿದ್ದರು. 1956ರಲ್ಲಿ ಅಮೆರಿಕದ ಲೂಯಿಸ್ ಥಾಮಸ್ ಮೊಲಗಳ ರಕ್ತನಾಳಕ್ಕೆ ಅದೇ ಹಾಲಿನ ಇನ್ನೊಂದು ಕಿಣ್ವವಾದ ಪಪೈನ್ ಚುಚ್ಚಿದಾಗ ನೆಟ್ಟಗಿದ್ದ ಕಿವಿಗಳು ಜೋತುಬಿದ್ದವು. ಕೆಲವು ದಿನಗಳಲ್ಲಿ ಮತ್ತೆ ನಿಂತವು. ಕಿವಿಯ ಮೃದ್ವಸ್ಥಿಗೆ ಬಿಗಿ ಕೊಡುವ ಪ್ರೋಟಿಯೊಗ್ಲೈಕನ್ ಎಂಬ ವಸ್ತುವನ್ನು ಕಿಣ್ವ ಒಡೆದಿತ್ತು. ಡಿಸ್ಕ್‌ನ ತಿರುಳು ನೀರು ಹಿಡಿದಿಡುವುದೂ ಅದೇ ವಸ್ತುವಿನ ಬಲದಿಂದ. ಈ ಎಳೆ ಹಿಡಿದು ಲೈಮನ್ ಸ್ಮಿತ್ 1963ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಡಿಸ್ಕ್‌ಗೆ ಕೈಮೋಪಪೈನ್ ಚುಚ್ಚಿದರು. ತಿರುಳು ಕರಗುತ್ತದೆ, ಕೊಲಾಜೆನ್‌ನಿಂದಾದ ಹೊರ ಉಂಗುರ ಹೆಚ್ಚು ಕೆಡದೆ ಉಳಿಯುತ್ತದೆ ಎಂಬುದೇ ಇದರ ಸೊಗಸು. ಮೊಲದ ಕಿವಿಯಿಂದ ಮನುಷ್ಯನ ಸೊಂಟಕ್ಕೆ ಏಳೇ ವರ್ಷದಲ್ಲಿ ಸಾಗಿದ ಈ ಆಲೋಚನೆ ವೈದ್ಯಕೀಯದ ಸುಂದರ ಊಹೆಗಳಲ್ಲೊಂದು.

ಮುಂದಿನ ಹಾದಿ ಸಲೀಸಾಗಿರಲಿಲ್ಲ. 1970ರ ದಶಕದ ಅಮೆರಿಕನ್ ಪರೀಕ್ಷೆಯೊಂದರಲ್ಲಿ ಕಿಣ್ವಕ್ಕೂ ಹೋಲಿಕೆಗೆಂದು ಕೊಟ್ಟ ದ್ರವಕ್ಕೂ ವ್ಯತ್ಯಾಸ ಕಾಣಲಿಲ್ಲ. ನಂತರದ ಪರೀಕ್ಷೆಗಳು ಪ್ರಯೋಜನ ತೋರಿಸಿದವು. 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬಳಕೆ ಹೆಚ್ಚಿದಂತೆ ಕೆಲವರಲ್ಲಿ ಪ್ರಾಣಾಪಾಯದ ಅಲರ್ಜಿ ಕಂಡಿತು, ವಿರಳವಾಗಿ ಮಿದುಳುಬಳ್ಳಿಗೂ ಹಾನಿಯಾಯಿತು. ಬೇಡಿಕೆ ಇಳಿಯಿತು, 2003ರಲ್ಲಿ ಅಲ್ಲಿ ಮಾರಾಟ ನಿಂತಿತು.

ಔಷಧದ ಜೊತೆಜೊತೆಗೇ ಉಪಕರಣದ ದಾರಿಯೂ ಬೆಳೆಯಿತು. 1975ರಲ್ಲಿ ಜಪಾನಿನ ಹಿಜಿಕಾಟ ಸಣ್ಣ ಕೊಳವೆಯ ಮೂಲಕ ತಿರುಳನ್ನು ಚಿವುಟಿ ತೆಗೆಯುವ ವಿಧಾನವನ್ನು ವರದಿ ಮಾಡಿದರು. ಫಿಲಡೆಲ್ಫಿಯಾದ ಪರ್ವಿಜ್ ಕಾಂಬಿನ್ ಗುರುತಿಸಿದ, ನರದ ಬೇರಿಗೆ ತಾಗದೆ ಡಿಸ್ಕ್ ಮುಟ್ಟಬಹುದಾದ ತ್ರಿಕೋನ ಜಾಗಕ್ಕೆ ಇಂದಿಗೂ ಅವರದೇ ಹೆಸರು. 1985ರಲ್ಲಿ ಗ್ಯಾರಿ ಓನಿಕ್, ತಿರುಳನ್ನು ಕತ್ತರಿಸುತ್ತಲೇ ಹೀರಿಕೊಳ್ಳುವ ಯಂತ್ರವನ್ನು ಪರಿಚಯಿಸಿದರು. 1986ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಡೇನಿಯಲ್ ಚಾಯ್ ಮತ್ತು ಪೀಟರ್ ಆಶರ್ ಲೇಸರ್ ಬಳಸಿದರು. ಮುಚ್ಚಿದ ಡಿಸ್ಕ್‌ನೊಳಗೆ ತಿರುಳು ಸ್ವಲ್ಪವೇ ಆವಿಯಾದರೂ ಒತ್ತಡ ಬಹಳ ಇಳಿಯುತ್ತದೆ ಎಂಬುದು ಅದರ ಆಧಾರ. ಆಮ್ಲಜನಕ ಬೆರೆತ ಓಝೋನ್ ಅನಿಲವನ್ನು ಚುಚ್ಚುವ ಪದ್ಧತಿ ಇಟಲಿಯಲ್ಲಿ ಬೆಳೆಯಿತು.

ಉಂಗುರ ಪೂರ್ತಿ ಹರಿದು ತಿರುಳಿನ ತುಣುಕು ಕಳಚಿ ಬಿದ್ದಿದ್ದರೆ, ಡಿಸ್ಕ್‌ನ ಒಳಗಿನ ಒತ್ತಡ ಇಳಿಸುವ ಈ ವಿಧಾನಗಳು ಅದನ್ನು ಮುಟ್ಟಲಾರವು. ಮೂತ್ರದ ಹತೋಟಿ ತಪ್ಪಿದರೆ ತುರ್ತು ಶಸ್ತ್ರಚಿಕಿತ್ಸೆಯೇ ಬೇಕು. ಬಹುಪಾಲು ರೋಗಿಗಳ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುವುದರಿಂದ, ಯಾವುದೇ ಸೂಜಿಯ ಗುಣವನ್ನು ಅಳೆಯುವುದು ಇಂದಿಗೂ ಕಷ್ಟ.

ಕಿಣ್ವದ ಆಲೋಚನೆ ಮಾತ್ರ ಉಳಿದು ಬಂದಿದೆ. ಪ್ರೋಟಿಯಸ್ ವಲ್ಗ್ಯಾರಿಸ್ ಬ್ಯಾಕ್ಟೀರಿಯಾದಿಂದ ಪಡೆದ, ಕೈಮೋಪಪೈನ್‌ಗಿಂತ ಹೆಚ್ಚು ಆಯ್ದು ಕೆಲಸ ಮಾಡುವ ಕಾಂಡೋಲಿಯೇಸ್ ಎಂಬ ಕಿಣ್ವಕ್ಕೆ 2018ರಲ್ಲಿ ಜಪಾನ್ ಅನುಮತಿ ನೀಡಿತು.